ಅಸಿಸ್ಟೆಂಟ್ ಕೋಚ್ ಆಗಬೇಕಾ? ಮೊದಲು ಹೆಡ್ ಕೋಚ್ ಯಾರು ನೋಡಿ

ಮೈಸೂರಿನಲ್ಲಿ ಯೂನಿವರ್ಸಿಟಿ ತಂಡಕ್ಕೆ ಆಡಿ, ಈಗ ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್‌ನಲ್ಲಿ ಮಾಸ್ಟರ್ಸ್ ಮಾಡೋಕೆ ಅಮೆರಿಕಕ್ಕೆ ಬಂದಿದ್ದೀರಿ. ಇಲ್ಲಿಯ ಕಾಲೇಜು ಮಹಿಳಾ ಬ್ಯಾಸ್ಕೆಟ್‌ಬಾಲ್‌ನಲ್ಲಿ ಅಸಿಸ್ಟೆಂಟ್ ಕೋಚ್ ಆಗೋದು ಹೇಗೆ, ಪಟಿಯಾಲಕ್ಕೆ ಹೋಗಿ ಎನ್‌ಐಎಸ್‌ನಲ್ಲಿ (ರಾಷ್ಟ್ರೀಯ ಕ್ರೀಡಾ ಸಂಸ್ಥೆ) ಕೋಚಿಂಗ್ ಡಿಪ್ಲೊಮಾ ಮಾಡಿಕೊಂಡು ಬಂದರೆ ಉಪಯೋಗ ಆಗುತ್ತಾ ಅಂತ ಕೇಳಿದ್ದೀರಿ. ನಾನಿರೋದು ಐಯೋವಾದಲ್ಲಿ. ಒಂದು ಸಣ್ಣ ಕಾಲೇಜಿನ ಅಥ್ಲೆಟಿಕ್ಸ್ ವಿಭಾಗದಲ್ಲಿ ಕಂಪ್ಲೈಯನ್ಸ್ ಕೆಲಸ, ಅಂದರೆ ಕೋಚ್‌ಗಳು ಕಾಲೇಜು ಕ್ರೀಡೆ ನಡೆಸೋ ಎನ್‌ಸಿಎಎ ಸಂಸ್ಥೆಯ ನಿಯಮ ಮೀರದ ಹಾಗೆ ಕಾವಲು ಕಾಯೋದು. ಕೋಚ್‌ಗಳು ಬರೋದೂ ಹೋಗೋದೂ ನನ್ನ ಮೇಜಿನ ಮುಂದೇನೇ.

ಎನ್‌ಐಎಸ್ ಬೇಡ. ಊರಲ್ಲಿ ಸರ್ಕಾರಿ ಕೋಚ್ ಹುದ್ದೆಗೆ ಅದಿಲ್ಲದೆ ನಡೆಯಲ್ಲ, ಸರಿ. ಇಲ್ಲಿ ಯಾರೂ ಅದನ್ನು ಕೇಳಲ್ಲ. ಕೇಳೋದು ಇಷ್ಟೇ: ಎಲ್ಲಿ ಆಡಿದ್ದೀಯ, ಯಾರ ಕೈಕೆಳಗೆ ದುಡಿದಿದ್ದೀಯ, ನಿನ್ನ ಬಗ್ಗೆ ಯಾರಿಗೆ ಫೋನ್ ಮಾಡಿ ವಿಚಾರಿಸಲಿ. ಮೂರನೆಯದೇ ಮುಖ್ಯ. ಯಾಕೆಂದರೆ ಸಂಬಳ ಕಾಲೇಜಿಂದ ಬಂದರೂ ಕೆಲಸ ಕೊಡೋದು ಹೆಡ್ ಕೋಚ್. ಅವರು ಬೇರೆ ಕಾಲೇಜಿಗೆ ಹೋದರೆ ತಮ್ಮವರನ್ನು ಕರಕೊಂಡು ಹೋಗ್ತಾರೆ, ಮಾರ್ಚ್‌ನಲ್ಲಿ ಅವರನ್ನು ತೆಗೆದುಹಾಕಿದರೆ ಸಾಮಾನ್ಯವಾಗಿ ಅಸಿಸ್ಟೆಂಟ್‌ಗಳೂ ಗಂಟುಮೂಟೆ ಕಟ್ಟಬೇಕು. ಹೆಚ್ಚಿನ ಕಡೆ ಕರಾರು ವರ್ಷದ ಲೆಕ್ಕದಲ್ಲಿ.

ಇದಕ್ಕೆ ನಮ್ಮ ಐಯೋವಾದ್ದೇ ಉದಾಹರಣೆ ಇದೆ. ಜ್ಯಾನ್ ಜೆನ್ಸನ್ ಡೆ ಮೊಯಿನ್‌ನ ಡ್ರೇಕ್ ಯೂನಿವರ್ಸಿಟಿಯಲ್ಲಿ ಹೆಡ್ ಕೋಚ್ ಲಿಸಾ ಬ್ಲೂಡರ್ ಕೈಕೆಳಗೆ ಆಡಿದವರು. ಆಮೇಲೆ ಅಲ್ಲೇ ಅಸಿಸ್ಟೆಂಟ್ ಆದರು. 2000ದಲ್ಲಿ ಬ್ಲೂಡರ್ ಐಯೋವಾ ಯೂನಿವರ್ಸಿಟಿಗೆ ಹೋದಾಗ ಜೆನ್ಸನ್ ಕೂಡ ಹೋದರು. ಪೋಸ್ಟ್ ಆಟಗಾರ್ತಿಯರನ್ನು, ಅಂದರೆ ಬುಟ್ಟಿಯ ಹತ್ತಿರ ಆಡೋರನ್ನು, ತಯಾರು ಮಾಡೋದು ಅವರ ಪಾಲಿನ ಕೆಲಸ. 2019ರಲ್ಲಿ ವರ್ಷದ ಅತ್ಯುತ್ತಮ ಕಾಲೇಜು ಆಟಗಾರ್ತಿಗೆ ಕೊಡೋ ನೇಸ್ಮಿತ್ ಪ್ರಶಸ್ತಿ ಗೆದ್ದ ಮೇಗನ್ ಗುಸ್ಟಾಫ್ಸನ್ ಅವರ ಗರಡಿಯವಳೇ. ಸ್ಟಾರ್ ಆಟಗಾರ್ತಿ ಕೇಟ್ಲಿನ್ ಕ್ಲಾರ್ಕ್ ಕಾಲದಲ್ಲಿ ಇಡೀ ದೇಶ ಐಯೋವಾ ಕಡೆ ನೋಡುವಾಗಲೂ ಅವರು ಕೂತಿದ್ದು ಹೆಡ್ ಕೋಚ್ ಪಕ್ಕದ ಕುರ್ಚಿಯಲ್ಲೇ. ಹೆಡ್ ಕೋಚ್ ಆಗಿದ್ದು 2024ರ ಮೇನಲ್ಲಿ, ಬ್ಲೂಡರ್ ನಿವೃತ್ತರಾದ ಮೇಲೆ. ಇನ್ನು ಕನೆಕ್ಟಿಕಟ್ ಯೂನಿವರ್ಸಿಟಿಯ ಕ್ರಿಸ್ ಡೇಲಿ 1985ರಲ್ಲಿ ಹೆಡ್ ಕೋಚ್ ಜೀನೋ ಔರಿಯೆಮ್ಮಾ ಜೊತೆ ಬಂದವರು ಹೆಡ್ ಕೋಚ್ ಆಗೋ ಗೋಜಿಗೇ ಹೋಗಲಿಲ್ಲ. ಅದೂ ಒಂದು ಬಾಳೇ. ಆದರೆ ಇವರಿಬ್ಬರೂ ಅಪರೂಪದವರು. ಉಳಿದವರು ಎರಡು ಮೂರು ವರ್ಷಕ್ಕೊಮ್ಮೆ ರಾಜ್ಯ ಬದಲಿಸ್ತಾ, ಮಕ್ಕಳ ಸ್ಕೂಲ್ ಬದಲಿಸ್ತಾ ಇರ್ತಾರೆ.

ಮೆಟ್ಟಿಲುಗಳು ನಿಮಗೂ ಗೊತ್ತಿರಬಹುದು: ಸ್ಟೂಡೆಂಟ್ ಮ್ಯಾನೇಜರ್, ಗ್ರ್ಯಾಜುಯೇಟ್ ಅಸಿಸ್ಟೆಂಟ್, ವಿಡಿಯೋ ಕೋಆರ್ಡಿನೇಟರ್ ಅಥವಾ ಆಪರೇಷನ್ಸ್ ಡೈರೆಕ್ಟರ್, ಆಮೇಲೆ ಅಸಿಸ್ಟೆಂಟ್. 2023ರಿಂದ ಎನ್‌ಸಿಎಎಯ ಮೇಲಿನ ದರ್ಜೆಯಾದ ಡಿವಿಷನ್ ಒಂದರಲ್ಲಿ ಮೂರರ ಜಾಗದಲ್ಲಿ ಐದು ಅಸಿಸ್ಟೆಂಟ್‌ಗಳಿಗೆ ಅವಕಾಶ ಆಯಿತು. ಹೊಸ ಇಬ್ಬರು ಅಂಗಳದಲ್ಲಿ ತರಬೇತಿ ಕೊಡಬಹುದು, ಕ್ಯಾಂಪಸ್ ಹೊರಗೆ ರಿಕ್ರೂಟಿಂಗ್‌ಗೆ, ಅಂದರೆ ಹೊಸ ಆಟಗಾರ್ತಿಯರನ್ನು ಹುಡುಕಿ ಒಲಿಸೋಕೆ, ಹೋಗೋ ಹಾಗಿಲ್ಲ ಅಂತ ಆಗಿನ ನಿಯಮ. ಹೊಸಬರು ಒಳಗೆ ಕಾಲಿಡೋಕೆ ಇದೊಂದು ಬಾಗಿಲು.

ನಿಮ್ಮ ಬಾಗಿಲು ಅದಕ್ಕಿಂತ ಕೆಳಗಿದೆ, ನಿಮ್ಮ ಕ್ಯಾಂಪಸ್‌ನಲ್ಲೇ. ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಸೆಮಿಸ್ಟರ್ ನಡೀತಿರುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಲೈಬ್ರರಿ ಬಿಡಿ, ಮಹಿಳಾ ತಂಡದ ಆಫೀಸಿಗೆ ಹೋಗಿ ವಿಡಿಯೋ ಕತ್ತರಿಸೋಕೆ ಬರುತ್ತೆ ಅನ್ನಿ. ಬರದಿದ್ದರೆ ಕಲೀರಿ, ಹಡಲ್ ಮತ್ತು ಸಿನರ್ಜಿ ಅನ್ನೋ ವಿಡಿಯೋ ಸಾಫ್ಟ್‌ವೇರ್ ಎರಡನ್ನೂ. ಅಸಿಸ್ಟೆಂಟ್ ಆದ ಮೇಲೂ ಅದು ಬೇಕು: ಎದುರಾಳಿ ತಂಡಗಳನ್ನು ಅಸಿಸ್ಟೆಂಟ್‌ಗಳು ಹಂಚಿಕೊಳ್ತಾರೆ. ನಿಮ್ಮ ಪಾಲಿಗೆ ಬಂದ ತಂಡದ ‘ಸ್ಕೌಟ್’ ನಿಮ್ಮದು. ಅವರ ಕೊನೆಯ ನಾಲ್ಕೈದು ಪಂದ್ಯ ಕೂತು ನೋಡಬೇಕು. ಅವರ ಪಾಯಿಂಟ್ ಗಾರ್ಡ್ (ಚೆಂಡು ನಡೆಸೋಳು) ಜೊತೆಗಾರ್ತಿ ಅಡ್ಡ ನಿಂತು ಸ್ಕ್ರೀನ್ ಕೊಟ್ಟಾಗ ಎಡಗೈಗೆ ಹೋದರೆ ಶೂಟ್ ಮಾಡ್ತಾಳೆ, ಬಲಕ್ಕೆ ಹೋದರೆ ಪಾಸ್ ಮಾಡ್ತಾಳೆ ಅನ್ನೋದನ್ನು ಎಂಟು ಹತ್ತು ತುಣುಕಲ್ಲಿ ತೋರಿಸಬೇಕು. ಹತ್ತು ನಿಮಿಷ ದಾಟಿದರೆ ಹುಡುಗಿಯರು ಮೊಬೈಲ್ ನೋಡ್ತಾರೆ. ಮಾರನೇ ದಿನ ಅದೇ ಗಾರ್ಡ್ ಬಲಕ್ಕೆ ಹೋಗಿ ಮೂರು ಥ್ರೀ-ಪಾಯಿಂಟರ್ ಹೊಡೆದಳೋ, ‘ಇದು ಯಾರ ಸ್ಕೌಟ್?’ ಅಂತ ಹೆಡ್ ಕೋಚ್ ಬೆಂಚಲ್ಲೇ ಕೇಳ್ತಾರೆ.

ಇದು ಸುಲಭದ ಭಾಗ. ಅಸಿಸ್ಟೆಂಟ್ ಬದುಕೋದು, ಸಾಯೋದು ರಿಕ್ರೂಟಿಂಗ್‌ನಲ್ಲಿ. ಜುಲೈ ಬಂತು ಅಂದರೆ ಹೈಸ್ಕೂಲ್ ವಯಸ್ಸಿನ ಹುಡುಗಿಯರ ಟೂರ್ನಿಗಳಿಗೆ ಕನ್ವೆನ್ಷನ್ ಹಾಲ್‌ಗಳಲ್ಲಿ ಸಾಲಾಗಿ ಹಾಸಿದ ಕೋರ್ಟ್‌ಗಳ ಪಕ್ಕ ಬೆಳಗಿಂದ ರಾತ್ರಿವರೆಗೆ ಕೂರಬೇಕು, ಅದೂ ಕಾಲೇಜಿನ ಲೋಗೋ ಇರೋ ಅಂಗಿ ಹಾಕಿಕೊಂಡು, ಹುಡುಗಿಗೆ ನೀವು ಬಂದಿದ್ದು ಕಾಣಲಿ ಅಂತ. (ಸಸ್ಯಾಹಾರಿಯಾಗಿದ್ದರೆ ಮೂರು ಹೊತ್ತೂ ನಾಚೋಸ್, ಹೇಳಿಬಿಟ್ಟಿರ್ತೀನಿ.) ಉಳಿದ ವರ್ಷವೆಲ್ಲ ಫೋನು, ಮೆಸೇಜು. ಈಗ ಟ್ರಾನ್ಸ್‌ಫರ್ ಪೋರ್ಟಲ್ (ಕಾಲೇಜು ಬದಲಿಸಬೇಕು ಅನ್ನೋ ಆಟಗಾರ್ತಿಯರು ಹೆಸರು ಹಾಕೋ ಪಟ್ಟಿ) ಬಂದ ಮೇಲೆ ತಂದ ಹುಡುಗಿಯನ್ನು ಉಳಿಸಿಕೊಳ್ಳೋದೇ ಇನ್ನೊಂದು ರಿಕ್ರೂಟಿಂಗ್. ಅವಳಿಗೆ ಬೇರೆ ಕಾಲೇಜು ಎಷ್ಟು ದುಡ್ಡು ಕೊಡುತ್ತೆ ಅನ್ನೋ ಮಾತೂ ಸೇರಿಕೊಂಡಿದೆ. ನಮ್ಮ ಕಡೆಯವರಿಗೆ ತಮ್ಮ ಬಗ್ಗೆ ತಾವೇ ಹೇಳಿಕೊಳ್ಳೋಕೆ ಸಂಕೋಚ. ಗುರುತಿಲ್ಲದ ಹೈಸ್ಕೂಲ್ ಕೋಚ್‌ಗೆ ಫೋನ್ ಮಾಡಿ ನಗುನಗುತ್ತಾ ಮಾತಾಡೋದು ನಿಮ್ಮಿಂದ ಆಗಲ್ಲ ಅನ್ನಿಸಿದರೆ ಆಪರೇಷನ್ಸ್ ಕಡೆ ಹೋಗಿ, ಬಸ್ಸು, ಹೋಟೆಲು, ಊಟದ ಲೆಕ್ಕ ನೋಡಿಕೊಳ್ಳೋರೂ ತಂಡಕ್ಕೆ ಬೇಕು.

ನಿಮಗಿರೋ ಒಂದು ಅನುಕೂಲ ಹೇಳ್ತೀನಿ. ಸಣ್ಣ ಕಾಲೇಜುಗಳೂ ಈಗ ಹೊರದೇಶದ ಆಟಗಾರ್ತಿಯರನ್ನು ಹುಡುಕ್ತವೆ. ಬೆಂಗಳೂರಿನ ಸಂಜನಾ ರಮೇಶ್ ನಾರ್ದರ್ನ್ ಅರಿಜೋನಾ ಯೂನಿವರ್ಸಿಟಿಗೆ ಆಡಿದ್ದು ನಿಮಗೆ ಗೊತ್ತೇ ಇರುತ್ತೆ. ಅಂಥವಳನ್ನು ಕರೆತರೋವಾಗ ಮಾರ್ಕ್ಸ್ ಕಾರ್ಡ್, ಆಡೋ ಅರ್ಹತೆ ನೋಡೋ ಎನ್‌ಸಿಎಎಯ ಎಲಿಜಿಬಿಲಿಟಿ ಸೆಂಟರ್, ವಿದ್ಯಾರ್ಥಿ ವೀಸಾಕ್ಕೆ ಕಾಲೇಜು ಕೊಡೋ ಐ-20 ಇವೆಲ್ಲ ಏನು ಅಂತ ಸ್ವತಃ ಅನುಭವಿಸಿದವರು ಸ್ಟಾಫ್‌ನಲ್ಲಿದ್ದರೆ ಹೆಡ್ ಕೋಚ್‌ಗೆ ಅರ್ಧ ತಲೆನೋವು ಕಡಿಮೆ. ಕೆಲಸ ಕೇಳೋವಾಗ ಇದನ್ನು ಮೊದಲು ಹೇಳಿ.

ವೀಸಾ ವಿಷಯ ಮಾತ್ರ ಬಿಗಿ. ಓಪಿಟಿ, ಅಂದರೆ ಡಿಗ್ರಿ ಮುಗಿದ ಮೇಲೆ ಇಲ್ಲಿ ಕೆಲಸ ಮಾಡೋಕೆ ಸಿಗೋ ಅನುಮತಿ, ಒಂದು ವರ್ಷ. ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್ ಸಾಮಾನ್ಯವಾಗಿ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿ ಬರಲ್ಲ, ಹಾಗಾಗಿ ಆ ಎರಡು ವರ್ಷದ ವಿಸ್ತರಣೆ ಸಿಗಲ್ಲ; ಐ-20ಯಲ್ಲಿರೋ ಕೋಡ್ ನೋಡಿಕೊಳ್ಳಿ. ಕಾಲೇಜುಗಳಿಗೆ ಕೆಲಸದ ವೀಸಾ ಎಚ್-1ಬಿಯ ಲಾಟರಿ ಇಲ್ಲ, ಅದೊಂದು ಪುಣ್ಯ. ಆದರೆ ಕೋಚ್ ಹುದ್ದೆಗೆ ಇಂಥದ್ದೇ ಡಿಗ್ರಿ ಬೇಕು ಅಂತ ಅಧಿಕಾರಿಗಳಿಗೆ ಒಪ್ಪಿಸೋದು ಕಷ್ಟ, ಅದಕ್ಕೆ ಕಾಲೇಜಿನ ಎಚ್‌ಆರ್‌ನವರು ಮನಸ್ಸು ಮಾಡಬೇಕು. ಹೆಡ್ ಕೋಚ್ ಕೆಲಸ ಹೋಗಿ ಜೊತೆಗೆ ನಿಮ್ಮದೂ ಹೋಯಿತು ಅಂದುಕೊಳ್ಳಿ: ಎಚ್-1ಬಿಯಲ್ಲಿ ಬೇರೆ ಕೆಲಸ ಹುಡುಕೋಕೆ ಇಲ್ಲವೇ ದೇಶ ಬಿಡೋಕೆ ನಿಮಗಿರೋದು ಹೆಚ್ಚೆಂದರೆ 60 ದಿನ. ಅದಕ್ಕೇ ನನ್ನ ಸಲಹೆ, ಆರಂಭಕ್ಕೆ ದೊಡ್ಡ ಹೆಸರಿನ, ಪ್ರತಿ ಸೋಲಿಗೂ ಪೇಪರ್‌ನಲ್ಲಿ ಬರೋ ತಂಡ ಬೇಡ. ಒಂದೇ ಕಡೆ ಹತ್ತು ಹದಿನೈದು ವರ್ಷದಿಂದ ಇರೋ ಡಿವಿಷನ್ ಎರಡರ ಹೆಡ್ ಕೋಚ್ ಹುಡುಕಿ. ಅವರ ಹಳೇ ಅಸಿಸ್ಟೆಂಟ್‌ಗಳು ಈಗ ಎಲ್ಲಿದ್ದಾರೆ ಅಂತ ಕಾಲೇಜುಗಳ ಸ್ಟಾಫ್ ಪುಟಗಳಲ್ಲಿ ಹುಡುಕಿದರೆ ಸಿಗುತ್ತೆ, ಅವರಿಗೇ ಒಂದು ಇಮೇಲ್ ಹಾಕಿ ಕೇಳಿ.

ಏಪ್ರಿಲ್ ಹೊತ್ತಿಗೆ ಮಹಿಳೆಯರ ಫೈನಲ್ ಫೋರ್ (ಕಾಲೇಜು ಚಾಂಪಿಯನ್‌ಶಿಪ್‌ನ ಕೊನೆಯ ನಾಲ್ಕು ತಂಡಗಳ ಹಂತ) ನಡೆಯೋ ಊರಲ್ಲೇ ಕೋಚ್‌ಗಳ ಸಂಘ ಡಬ್ಲ್ಯುಬಿಸಿಎ ಸಮಾವೇಶವೂ ಇರುತ್ತೆ. ಅಲ್ಲಿ ಹೋಟೆಲ್ ಲಾಬಿಯೇ ಉದ್ಯೋಗ ಮೇಳ. ಹೋಗೋ ಮುಂಚೆ ಓಪಿಟಿ ಅರ್ಜಿ ಹಾಕಿಬಿಡಿ. ಕೋರ್ಸ್ ಮುಗಿಯೋಕೆ 90 ದಿನ ಇರುವಾಗಲೇ ಹಾಕಬಹುದು. ಮೇನಲ್ಲಿ ಡಿಗ್ರಿ ಮುಗಿಯೋದಾದರೆ ಫೆಬ್ರವರಿಯಲ್ಲಿ, ಅಂದರೆ ಸೀಸನ್‌ನ ನಟ್ಟನಡುವೆ, ಯಾರಿಗೂ ಪುರುಸೊತ್ತಿಲ್ಲದ ಹೊತ್ತಲ್ಲಿ.