ಸೈಕಾಲಜಿ ಆಪ್ಷನಲ್‌ಗೆ ಎಷ್ಟು ಮಾದರಿ ಉತ್ತರ ಬಾಯಿಪಾಠ ಮಾಡಬೇಕು?

80 ಬೇಡ, 120 ಕೂಡ ಬೇಡ. ಒಂದೂ ಬೇಡ.

ಯುಪಿಎಸ್‌ಸಿ ಮೇನ್ಸ್‌ಗೆ ನಾಲ್ಕು ತಿಂಗಳಿದೆ, ಸೈಕಾಲಜಿ ನನ್ನ ಐಚ್ಛಿಕ ವಿಷಯ (ಆಪ್ಷನಲ್), ಕನ್ನಡದಲ್ಲೇ ಬರೆಯುತ್ತೇನೆ, ಎಷ್ಟು ಉತ್ತರ ಉರು ಹೊಡೆದರೆ ಸಾಕು ಅಂತ ಕೇಳಿದ್ದೀರಿ. ನಾನೂ ಇದೇ ಲೆಕ್ಕ ಹಾಕಿಕೊಂಡು ಪರೀಕ್ಷೆಗೆ ಕೂತವನು. ಓದಿದ್ದು ಕಡಿಮೆಯಾಗಿರಲಿಲ್ಲ, ಅಂಕ ತಿಂದದ್ದು ಆ ಉರು. ಅದು ಎಲ್ಲಿ ಕೈ ಕೊಡುತ್ತದೆ ಅನ್ನೋದನ್ನು ಬಿಡಿಸಿಯೇ ಹೇಳುತ್ತೇನೆ, ಯಾಕೆಂದರೆ ಹೊರಗಿನಿಂದ ನೋಡಿದರೆ ಅದು ಒಳ್ಳೆಯ ತಯಾರಿಯ ಹಾಗೇ ಕಾಣುತ್ತದೆ.

ಬಾಯಿಪಾಠದ ಉತ್ತರಕ್ಕೆ ಇರುವುದು ಒಂದೇ ಬಾಗಿಲು, ಅದರ ಮೊದಲ ಸಾಲು. ಮಗ್ಗಿ ಕಲಿಯುತ್ತಿರುವ ಮಗುವನ್ನು ಏಳೆಂಟ್ಲ ಎಷ್ಟು ಅಂತ ಕೇಳಿ ನೋಡಿ, ಏಳೊಂದ್ಲ ಏಳು ಎಂಬಲ್ಲಿಂದ ಶುರು ಮಾಡುತ್ತದೆ. ಒಂದು ಸಾಲು ಮುಂದಿನ ಸಾಲಿಗೆ ಸುಳಿವು, ನಡುವಿನಿಂದ ಹೊಕ್ಕಲು ದಾರಿಯಿಲ್ಲ. ಸ್ಮೃತಿ ಎಂಬ ಪದ ಪ್ರಶ್ನೆಯಲ್ಲಿ ಕಂಡರೆ ಸಾಕು, ಕೈ ತಾನಾಗಿ ನೆನಪಿನ ಸಿದ್ಧಾಂತಗಳ ಪಟ್ಟಿ ಹಿಡಿದು, 1968ರ ಅಟ್ಕಿನ್ಸನ್–ಶಿಫ್ರಿನ್ ಮಾದರಿಯಿಂದ ಹೊರಟು, 1972ರ ಕ್ರೇಕ್–ಲಾಕ್‌ಹಾರ್ಟ್ ದಾಟಿ, 1974ರ ಬ್ಯಾಡ್ಲಿ–ಹಿಚ್‌ಗೆ ಬರುತ್ತದೆ. ಪ್ರಶ್ನೆ ಕೇಳಿದ್ದು ನ್ಯಾಯಾಲಯದಲ್ಲಿ ಪ್ರತ್ಯಕ್ಷ ಸಾಕ್ಷಿಯ ನೆನಪನ್ನು ಎಷ್ಟು ನಂಬಬಹುದು ಅಂತ. ಒಂದೂವರೆ ಪುಟ ತುಂಬಿರುತ್ತದೆ, ಬರೆದದ್ದರಲ್ಲಿ ತಪ್ಪೇನೂ ಇರುವುದಿಲ್ಲ, ಆದರೆ ಕೇಳಿದ್ದಕ್ಕೆ ಉತ್ತರ ಇನ್ನೂ ಶುರುವೇ ಆಗಿರುವುದಿಲ್ಲ.

ಇದರ ಹಿಂದೆಯೇ ಸಮಯದ ಪೆಟ್ಟು ಬೀಳುತ್ತದೆ. ಒಂದು ಪತ್ರಿಕೆಗೆ 250 ಅಂಕ, 3 ಗಂಟೆ. 1 ಮತ್ತು 5ನೇ ಪ್ರಶ್ನೆ ಕಡ್ಡಾಯ, ತಲಾ ಐದು ತುಂಡು, ಪ್ರತಿಯೊಂದಕ್ಕೂ 10 ಅಂಕ, 150 ಪದ. ಉಳಿದವುಗಳಲ್ಲಿ ಮೂರು, ಪ್ರತಿ ವಿಭಾಗದಿಂದ ಒಂದಾದರೂ ಇರಬೇಕು. ಅವು ಸಾಮಾನ್ಯವಾಗಿ 20, 15, 15 ಅಂಕಗಳಾಗಿ ಒಡೆದಿರುತ್ತವೆ. ಅಂದರೆ 19 ಉತ್ತರ. ಹತ್ತು ಅಂಕಕ್ಕೆ 7 ನಿಮಿಷ, ಹದಿನೈದಕ್ಕೆ 11ರ ಒಳಗೆ, ಇಪ್ಪತ್ತಕ್ಕೆ 14. ಹತ್ತು ಸಣ್ಣ ಉತ್ತರಗಳಿಗೆ 7ರ ಬದಲು 11 ನಿಮಿಷ ಹೋಯಿತೋ, 40 ನಿಮಿಷ ಕಳೆಯಿತು. ಅದು ಹೆಚ್ಚುಕಡಿಮೆ 55 ಅಂಕದ ಉತ್ತರ ಬರೆಯುವ ಹೊತ್ತು. ಉರು ಹೊಡೆದ ಉತ್ತರವನ್ನು ಅರ್ಧಕ್ಕೆ ಕತ್ತರಿಸಲು ಮನಸ್ಸು ಬರುವುದಿಲ್ಲ, ಹಾಗಾಗಿ ಈ ನಷ್ಟ ಆಗಿಯೇ ಆಗುತ್ತದೆ.

ಹಾಗಾದರೆ ತಲೆಯಲ್ಲಿ ಇಟ್ಟುಕೊಳ್ಳಬೇಕಾದ್ದು ಏನು? ಒಂದು ಚೀಟಿ, ಅದರಲ್ಲಿ ನಾಲ್ಕು ಸಾಲು: ವಾದ, ಪುರಾವೆ, ಬಿರುಕು (ಆ ವಾದಕ್ಕೆ ಎದುರು ನಿಲ್ಲುವ ಪುರಾವೆ), ಬಳಕೆ. ಅದೇ ಸಾಕ್ಷಿಯ ವಿಷಯಕ್ಕೆ ಮಾಡಿ ತೋರಿಸುತ್ತೇನೆ.

ಹೆಚ್ಚಿನವರು ಹೀಗೆ ಬರೆಯುತ್ತಾರೆ: "1974ರಲ್ಲಿ ಲಾಫ್ಟಸ್ ಮತ್ತು ಪಾಮರ್ 45 ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಲನಚಿತ್ರ ತೋರಿಸಿದರು." ಇದು ವರದಿ, ಇದರಲ್ಲಿ ವಾದವಿಲ್ಲ. ಹೀಗೆ ಬರೆಯಿರಿ: "ಪ್ರಶ್ನೆಯ ಒಂದು ಕ್ರಿಯಾಪದವೇ ಸಾಕ್ಷಿಯ ಉತ್ತರವನ್ನು ಬದಲಿಸಬಲ್ಲದು. ಕಾರುಗಳು ಅಪ್ಪಳಿಸಿದಾಗ ವೇಗ ಎಷ್ಟಿತ್ತು ಎಂದು ಕೇಳಿದವರ ಅಂದಾಜು ಗಂಟೆಗೆ ಸರಾಸರಿ 40 ಮೈಲಿ ಮೀರಿತು, ತಾಗಿದಾಗ ಎಂದು ಕೇಳಿದವರದು 32ರ ಆಸುಪಾಸು." ಇಲ್ಲಿಗೆ ನಿಲ್ಲಿಸಬೇಡಿ. ಇದು ನೆನಪು ಬದಲಾದದ್ದಲ್ಲ, ಆ ಕ್ಷಣಕ್ಕೆ ಪದಕ್ಕೆ ತಕ್ಕ ಸಂಖ್ಯೆ ಹೇಳಿದ್ದಷ್ಟೇ ಎಂದು ಯಾರಾದರೂ ವಾದಿಸಬಹುದು. ಅದಕ್ಕೆ ಉತ್ತರ ಲಾಫ್ಟಸ್ ಮತ್ತು ಪಾಮರ್ ಅವರ ಎರಡನೇ ಪ್ರಯೋಗದಲ್ಲಿದೆ: ಒಂದು ವಾರದ ನಂತರ, ಚಿತ್ರದಲ್ಲಿ ಇಲ್ಲದೇ ಇದ್ದ ಒಡೆದ ಗಾಜನ್ನು ಕಂಡೆವು ಎಂದವರು ಅಪ್ಪಳಿಸಿದ ಗುಂಪಿನ 50ರಲ್ಲಿ 16, ಹೊಡೆದ ಎಂಬ ಪದ ಕೇಳಿದ ಗುಂಪಿನ 50ರಲ್ಲಿ 7. ಎಷ್ಟೋ ನೋಟ್ಸ್‌ಗಳಲ್ಲಿ ಈ ಎರಡನೇ ಪ್ರಯೋಗವನ್ನೇ ಬಿಟ್ಟಿರುತ್ತಾರೆ, ವಾದ ನಿಂತಿರುವುದೇ ಅದರ ಮೇಲೆ.

ಬಿರುಕು: ಯುಲ್ ಮತ್ತು ಕಟ್‌ಶಾಲ್ ಅವರ 1986ರ ಅಧ್ಯಯನ. ಕೆನಡಾದಲ್ಲಿ ನಿಜವಾದ ಗುಂಡಿನ ಘಟನೆಯನ್ನು ಕಣ್ಣಾರೆ ಕಂಡ 13 ಜನ ನಾಲ್ಕೈದು ತಿಂಗಳ ನಂತರವೂ ಬಹುಪಾಲು ಸರಿಯಾಗಿಯೇ ಹೇಳಿದರು, ದಾರಿ ತಪ್ಪಿಸುವ ಪ್ರಶ್ನೆಗಳು ಹೆಚ್ಚು ಕೆಲಸ ಮಾಡಲಿಲ್ಲ. ಆದರೆ ಅವರು 13 ಜನ ಮಾತ್ರ, ಅದೂ ಒಪ್ಪಿ ಬಂದವರು. ಬಳಕೆ: ಪೊಲೀಸರು ಪ್ರಶ್ನೆ ಕೇಳುವ ರೀತಿ. "ವಿಮರ್ಶಾತ್ಮಕವಾಗಿ ಪರಿಶೀಲಿಸಿ" ಎಂದರೆ ಕೇಳುತ್ತಿರುವುದು ಪುರಾವೆಗಳ ಈ ಹಗ್ಗಜಗ್ಗಾಟವನ್ನೇ. ಕೊನೆಗೆ "ಟೀಕೆಗಳು" ಎಂದು ತಲೆಬರಹ ಹಾಕಿ ಮೂರು ಸಾಲು ಅಂಟಿಸಿದರೆ ಅದು ಪರಿಶೀಲನೆ ಆಗುವುದಿಲ್ಲ.

ಎರಡೂ ಪತ್ರಿಕೆ ಸೇರಿ 28 ಅಧ್ಯಾಯ. ಒಂದಕ್ಕೆ ಒಂಬತ್ತು ಚೀಟಿ ಅಂದುಕೊಂಡರೆ ಸುಮಾರು 250. ಇವನ್ನೂ ಓದುತ್ತಾ ಕೂರಬೇಡಿ. ಚೀಟಿ ಮಗುಚಿಟ್ಟು ಖಾಲಿ ಹಾಳೆಯ ಮೇಲೆ ಬರೆಯಿರಿ, ಆಮೇಲೆ ತೆಗೆದು ನೋಡಿ. ನಮ್ಮ ವಿಷಯವೇ ಇದನ್ನು ಹೇಳುತ್ತದೆ: ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ನಡೆಸಿದ ಪ್ರಯೋಗದಲ್ಲಿ ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಮತ್ತೆ ಓದಿದವರಿಗೆ ನೆನಪಿದ್ದದ್ದು 42%, ನೆನಪು ಮಾಡಿಕೊಂಡು ಬರೆದವರಿಗೆ 56%. ಉರು ಹೊಡೆದ ಸಂಜೆ ಎಲ್ಲ ಬರುತ್ತದೆ ಅನ್ನಿಸುವುದು ಆ ಐದು ನಿಮಿಷದ ಫಲಿತಾಂಶ, ಅದನ್ನು ನಂಬಬೇಡಿ.

ದಿನಕ್ಕೆ ಮೂರು ಹಳೆಯ ಪ್ರಶ್ನೆ ಸಾಕು. ಏಳು ನಿಮಿಷದಲ್ಲಿ ಮೊದಲ ಒಂದು ನಿಮಿಷ ಪೆನ್ನು ಉತ್ತರದ ಜಾಗ ಮುಟ್ಟಬಾರದು: ಪ್ರಶ್ನೆ ಏನು ಮಾಡು ಎನ್ನುತ್ತಿದೆಯೋ ಆ ಪದಕ್ಕೆ ಗೆರೆ ಎಳೆಯಿರಿ, ಯಾವ ಎರಡು ಚೀಟಿ ಎಂದು ನಿರ್ಧರಿಸಿ. ಮೊದಲ ವಾಕ್ಯದಲ್ಲೇ ನಿಮ್ಮ ನಿಲುವು ಬರಲಿ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಕೆಲಸವಿದೆ. ಪ್ರಶ್ನೆಪತ್ರಿಕೆ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಮಾತ್ರ ಬರುತ್ತದೆ, ಅನುವಾದ ನಿಮ್ಮ ತಲೆಯಲ್ಲೇ ಆಗಬೇಕು. ಸಂವೇದನೆ (sensation) ಮತ್ತು ಸಂವೇಗ (emotion) ಆತುರದಲ್ಲಿ ಅದಲುಬದಲಾಗುತ್ತವೆ. ಮೋಟಿವೇಶನ್ ಎಂಬ ಒಂದೇ ಪದಕ್ಕೆ ಪ್ರೇರಣೆ, ಅಭಿಪ್ರೇರಣೆ ಎರಡನ್ನೂ ಒಂದೇ ಉತ್ತರದಲ್ಲಿ ಬಳಸಿದರೆ ಓದುವವರು ಅವು ಬೇರೆ ಬೇರೆ ಪರಿಕಲ್ಪನೆ ಎಂದುಕೊಳ್ಳುತ್ತಾರೆ. ಒಂದು ಪದ ಆರಿಸಿ, ಎರಡು ಕಾಲಮ್ಮಿನ ಪಟ್ಟಿ ಮಾಡಿ, ಕೊನೆಯವರೆಗೂ ಅದನ್ನೇ ಬಳಸಿ. ಪಾರಿಭಾಷಿಕ ಪದದ ಇಂಗ್ಲಿಷ್ ರೂಪವನ್ನು ಆವರಣದಲ್ಲಿ ಕೊಡಲು ಆಯೋಗದ ನಿಯಮವೇ ಒಪ್ಪುತ್ತದೆ. ಮೊದಲ ಸಲ ಪದ ಬಂದಾಗ ಕೊಡಿ, ಪ್ರತಿ ಸಾಲಿನಲ್ಲೂ ಬೇಡ.

ಈಗಾಗಲೇ ಬರೆದಿಟ್ಟ ಉತ್ತರಗಳನ್ನು ಎಸೆಯಬೇಡಿ. ಒಂದೊಂದನ್ನೂ ಒಡೆದರೆ ಮೂರು ನಾಲ್ಕು ಚೀಟಿಗೆ ಸಾಮಗ್ರಿ ಸಿಗುತ್ತದೆ. ಈ ವಾರ ಸ್ಮೃತಿ ಮತ್ತು ಕಲಿಕೆಯ ಉತ್ತರಗಳನ್ನು ಒಡೆಯಿರಿ. ಬಿರುಕಿನ ಸಾಲು ಖಾಲಿ ಉಳಿದ ಚೀಟಿಗಳನ್ನು ಬೇರೆ ಇಡಿ, ಪುಸ್ತಕ ಮತ್ತೆ ತೆರೆಯಬೇಕಾದ್ದು ಅವುಗಳಿಗೆ ಮಾತ್ರ.