ಜಾಕ್ ನಿಕ್ಲಾಸ್ ಗೆದ್ದ ಮೇಜರ್‌ಗಳು 18 ಅಥವಾ 20?

ಅಮೆರಿಕದ ಗಾಲ್ಫ್ ಆಟಗಾರ ಜಾಕ್ ನಿಕ್ಲಾಸ್ ಅವರ ಮೇಜರ್ ಗೆಲುವುಗಳು (ಗಾಲ್ಫ್‌ನ ಅತಿ ಪ್ರತಿಷ್ಠಿತ ನಾಲ್ಕು ಟೂರ್ನಿಗಳಲ್ಲಿನ ಗೆಲುವುಗಳು) ಅವರ ಬಗ್ಗೆ ಲೇಖನ ಬರೆಯುತ್ತಿರುವ ನಿಮಗೆ ಒಂದೆಡೆ 18, ಇನ್ನೊಂದೆಡೆ 20 ಎಂದು ಕಂಡಿರುವುದಕ್ಕೆ ಬಹುಶಃ ಕಾರಣ, ಹವ್ಯಾಸಿಯಾಗಿದ್ದಾಗ 1959 ಮತ್ತು 1961ರಲ್ಲಿ ಅವರು ಗೆದ್ದ ಯು.ಎಸ್. ಅಮೆಚೂರ್ ಪ್ರಶಸ್ತಿಗಳನ್ನು ಎರಡನೆಯ ಲೆಕ್ಕದಲ್ಲಿ ಸೇರಿಸಿರುವುದು. 1920ರ ದಶಕದ ಹೆಸರಾಂತ ಹವ್ಯಾಸಿ ಗಾಲ್ಫ್ ಆಟಗಾರ ಬಾಬಿ ಜೋನ್ಸ್ ಕಾಲದಲ್ಲಿ ಆ ಸ್ಪರ್ಧೆಗೂ ಮೇಜರ್ ಮನ್ನಣೆಯಿದ್ದುದರಿಂದ ಅದನ್ನು ತಪ್ಪೆನ್ನಲಾಗದು. ಆದರೆ ವೃತ್ತಿಪರ ಗೆಲುವುಗಳನ್ನಷ್ಟೇ ಎಣಿಸಲು, ಮೊದಲು ಅವರ ಗೆಲುವುಗಳ ಪಟ್ಟಿಯಲ್ಲಿ 1962ಕ್ಕಿಂತ ಹಿಂದಿನವನ್ನು ಬದಿಗಿಡಿ. ಓಕ್‌ಮಂಟ್ ಗಾಲ್ಫ್ ಮೈದಾನದಲ್ಲಿ ಅರ್ನಾಲ್ಡ್ ಪಾಮರ್ ಅವರನ್ನು ಪ್ಲೇಆಫ್‌ನಲ್ಲಿ (ಸಮಬಲವಾದಾಗ ನಡೆಯುವ ಹೆಚ್ಚುವರಿ ಆಟದಲ್ಲಿ) ಮಣಿಸಿದ ಆ ವರ್ಷದ ಯು.ಎಸ್. ಓಪನ್ನೇ ವೃತ್ತಿಪರರಾಗಿ ಅವರ ಮೊದಲ ಗೆಲುವು. ಬಳಿಕ ಉಳಿದವನ್ನು ಕೂಡಿ: ಮಾಸ್ಟರ್ಸ್ 6, ಪಿಜಿಎ ಚಾಂಪಿಯನ್‌ಶಿಪ್ 5, ಯು.ಎಸ್. ಓಪನ್ 4, ಬ್ರಿಟಿಷ್ ಓಪನ್ 3. ಕೊನೆಯದು 1986ರ ಮಾಸ್ಟರ್ಸ್. 46ನೇ ವಯಸ್ಸಿನಲ್ಲಿ ಅಂತಿಮ ಒಂಬತ್ತು ಕುಳಿಗಳನ್ನು 30 ಹೊಡೆತಗಳಲ್ಲಿ ಮುಗಿಸಿದ ಆ ಆಟಕ್ಕೆ ನಿಮ್ಮ ಲೇಖನದಲ್ಲಿ ಖಂಡಿತ ಜಾಗ ಕೊಡಿ. ಒಟ್ಟು 18 ಎಂದು ಬರೆದು, ಹವ್ಯಾಸಿ ಪ್ರಶಸ್ತಿಗಳೆರಡನ್ನು ಪ್ರತ್ಯೇಕ ವಾಕ್ಯದಲ್ಲಿ ನಮೂದಿಸಿ.