ಉಪ್ಪುಪ್ಪು ರುಚಿ ಮಣ್ಣಿನದೇ?

ಗ್ರೀಸಿನ ಸ್ಯಾಂಟೊರಿನಿ ದ್ವೀಪದಲ್ಲಿ ಅಸಿರ್ಟಿಕೊ ಎಂಬ ಬಿಳಿ ದ್ರಾಕ್ಷಿಯಿಂದ ಮಾಡುವ ವೈನಿನಲ್ಲಿ ಉಪ್ಪಿನ ರುಚಿ ಬರುವುದು ಜ್ವಾಲಾಮುಖಿ ಮಣ್ಣಿನಿಂದಲೇ ಅಲ್ವಾ ಎಂದು ಕೇಳಿದ್ದೀರಿ. ಬೇರು ಕಲ್ಲಿನ ರುಚಿಯನ್ನು ಹೀರಿ ಹಣ್ಣಿಗೆ ತುಂಬುವುದಿಲ್ಲ. ಆ ಮಣ್ಣಿನ ಕೆಲಸವೇ ಬೇರೆ. ಅಲ್ಲಿರುವುದು ಬೂದಿ, ತೂತು ತೂತಾದ ಹಗುರ ಪ್ಯೂಮಿಸ್ ಕಲ್ಲು. ಜೇಡಿ ಇಲ್ಲವೆಂದೇ ಹೇಳಬಹುದು. ಹಾಗಾಗಿ 19ನೇ ಶತಮಾನದಲ್ಲಿ ಯುರೋಪಿನ ದ್ರಾಕ್ಷಿ ತೋಟಗಳನ್ನು ತಿಂದು ಹಾಕಿದ ಫಿಲಾಕ್ಸೆರಾ ಎಂಬ ಬೇರು ಹೀರುವ ಹೇನು ಇಲ್ಲಿ ಬದುಕಲೇ ಇಲ್ಲ. ಬಳ್ಳಿಗಳು ಇವತ್ತಿಗೂ ಕಸಿಯಿಲ್ಲದೆ ಸ್ವಂತ ಬೇರಿನ ಮೇಲೆ ನಿಂತಿವೆ, ನೋಡಿ! ಮಳೆ ತೀರಾ ಕಡಿಮೆ. ಸಮುದ್ರದ ಮಂಜನ್ನು ಆ ತೂತುಕಲ್ಲು ಹಿಡಿದಿಟ್ಟು ಬೇರಿಗೆ ಕೊಡುತ್ತದೆ. ಗಾಳಿ ಜಾಸ್ತಿ ಎಂದು ರೈತರು ಬಳ್ಳಿಯನ್ನು ನೆಲದ ಮೇಲೆಯೇ ಬುಟ್ಟಿಯಂತೆ ಸುತ್ತುತ್ತಾರೆ. ಗೊಂಚಲು ಒಳಗೆ ಅಡಗಿರುತ್ತದೆ. ಅಸಿರ್ಟಿಕೊ ಅಷ್ಟು ಬಿಸಿಲಲ್ಲೂ ಹುಳಿ ಬಿಟ್ಟುಕೊಡುವುದಿಲ್ಲ. ಆ ಹುಳಿಯೇ ನಿಮ್ಮ ನಾಲಿಗೆಗೆ ಉಪ್ಪಿನಂತೆ ತಾಗಿರಬಹುದು. ಸುಟ್ಟ ಮೀನಿನ ಜೊತೆ ಇನ್ನೊಮ್ಮೆ ಕುಡಿದು ನೋಡಿ.